ಹುಲಿಹಾಲಿಗೆ ಪುಟ ಸಂಖ್ಯೆ ಎಷ್ಟು?

ಪೋಸ್ಟ್ ಸ್ವಲ್ಪ ಉದ್ದ ಇದೆ. ಭಾನುವಾರ ಅಲ್ವಾ, ಬಿಡುವು ಮಾಡ್ಕೊಂಡು ಓದಿ.

ನಮ್ಮಕ್ಕನ ಮಗಳು ಬಿ.ಎ. ಎರಡನೇ ವರ್ಷದಲ್ಲಿದ್ದಾಳೆ. ಹೋದ ತಿಂಗಳು ಅವಳ ಇಂಗ್ಲಿಷ್ ಕ್ಲಾಸಿನಲ್ಲಿ ಒಂದು ಸಂಶೋಧನಾ ಪ್ರಬಂಧ ಬರೆಯೋಕೆ ಹೇಳಿದ್ರು. ವಿಷಯ ನಿಮ್ಮಿಷ್ಟ, ಆದ್ರೆ ಬರೆದ ಪ್ರತಿ ಮಾತಿಗೂ ಆಧಾರ ಕೊಡಬೇಕು. ಯಾವ ಪುಸ್ತಕ, ಯಾರು ಬರೆದಿದ್ದು, ಯಾವ ಇಸವಿ, ಯಾವ ಪುಟ, ಎಲ್ಲಾ. ಎಂಎಲ್‌ಎ ಸ್ಟೈಲ್‌ನಲ್ಲಿ ಇರಬೇಕಂತೆ. "ನಮ್ಮ ಕ್ಷೇತ್ರದ ಎಂಎಲ್‌ಎ ಸ್ಟೈಲ್ ಆದ್ರೆ ಸುಲಭ ಕಣವ್ವಾ, ಆಧಾರನೇ ಬೇಕಾಗಲ್ಲ" ಅಂದೆ. ನಗಲಿಲ್ಲ. ಅದು ಅಮೆರಿಕದ ಮಾಡರ್ನ್ ಲಾಂಗ್ವೇಜ್ ಅಸೋಸಿಯೇಷನ್, 1883ರಲ್ಲಿ ಶುರುವಾಗಿದ್ದು, ಆಧಾರ ಹೇಗೆ ಬರೀಬೇಕು ಅಂತ ನಿಯಮ ಮಾಡಿರೋರು ಅವರೇ ಅಂತ ನನಗೇ ಪಾಠ ಮಾಡಿದಳು.

ಪ್ರಬಂಧದ ಮೊದಲ ಸಾಲಿಗೆ ಅವಳು ಆರಿಸ್ಕೊಂಡಿದ್ದು ನಮಗೆಲ್ಲ ಬಾಯಿಪಾಠ ಆಗಿರೋ ಹುಲಿಹಾಲಿನ ಮಾತು. ಶಿಕ್ಷಣ ಹುಲಿಹಾಲು, ಕುಡಿದವನು ಗರ್ಜಿಸಲೇಬೇಕು ಅಂತ ಬಾಬಾಸಾಹೇಬರ ಹೆಸರಲ್ಲಿ ಹಾಕ್ತೀವಲ್ಲ, ಅದೇ. ಮೇಷ್ಟ್ರು ಕೇಳಿದ್ರಂತೆ, "ಚೆನ್ನಾಗಿದೆ, ಯಾವ ಸಂಪುಟ, ಯಾವ ಪುಟ?" ಅಂತ. ಹುಡುಗಿ ನನಗೆ ಫೋನ್ ಮಾಡಿದಳು. "ಮಾವ, ಏಪ್ರಿಲ್ 14ಕ್ಕೆ ಫ್ಲೆಕ್ಸ್ ಬರೆಸಿದ್ದು ನೀನೇ ಅಲ್ವಾ, ಪುಟ ಸಂಖ್ಯೆ ಹೇಳು."

ಹೌದು, ನಾನೇ. ಒಂದಲ್ಲ, ಐದಾರು ವರ್ಷದಿಂದ ಬರೆಸ್ತಾ ಇದೀನಿ. ಮೂರು ರಾತ್ರಿ ಸಂಪುಟಗಳನ್ನು ತಿರುವಿ ಹಾಕಿದೆ, ಸಿಗಲಿಲ್ಲ. ಹಿರಿಯ ಸಂಗಾತಿಗಳಿಗೆ ಫೋನ್ ಮಾಡಿದೆ. ಒಬ್ಬರು "ಭಾಷಣದಲ್ಲಿ ಹೇಳಿರಬೇಕು ಬಿಡಪ್ಪಾ" ಅಂದ್ರು. ಇನ್ನೊಬ್ಬರಿಗೆ ಸಿಟ್ಟೇ ಬಂತು, "ನೀನೂ ಆ ಕಡೆಗೆ ಸೇರ್ಕೊಂಡ್ಯಾ?" ಅಂದ್ರು. ಯಾರೊಬ್ಬರೂ ಪುಟ ತೋರಿಸಲಿಲ್ಲ. ಅವಳಿಗೆ ಹೇಳಿದೆ, ಆ ಸಾಲು ತೆಗೆದುಬಿಡು ಅಂತ. ಹೇಳೋವಾಗ ಮನಸ್ಸಿಗೆ ಪಿಚ್ಚೆನಿಸ್ತು.

ನಾನು ಗುಮಾಸ್ತ. ಇಪ್ಪತ್ತು ವರ್ಷದಿಂದ ಕಡತ ಕಟ್ಟೋದೇ ಕೆಲಸ. ನಮ್ಮ ಕಚೇರಿಯಿಂದ ಒಂದು ಪತ್ರ ಆಚೆ ಹೋಗಬೇಕಾದ್ರೆ ಮೇಲೆ 'ವಿಷಯ', ಅದರ ಕೆಳಗೆ 'ಉಲ್ಲೇಖ' ಇರಲೇಬೇಕು. ಯಾವ ಆದೇಶ, ಯಾವ ದಿನಾಂಕ. ಉಲ್ಲೇಖ ಇಲ್ಲದ ಪತ್ರ ಇಟ್ಟರೆ ಸಾಹೇಬರು ತಿರುಗಿಸಿ ಎಸೀತಾರೆ. ದೌರ್ಜನ್ಯ ಕೇಸುಗಳಲ್ಲಿ ಓಡಾಡಿರೋರಿಗೂ ಇದು ಗೊತ್ತು. ಊರೆಲ್ಲ ಕಣ್ಣಾರೆ ಕಂಡಿದ್ದರೂ ಪಂಚನಾಮೆಯಲ್ಲಿ ಒಂದು ತಾರೀಖು ತಪ್ಪಿದರೆ ಕೇಸು ಬಿದ್ದುಹೋಗುತ್ತೆ. ಇಷ್ಟೆಲ್ಲ ಗೊತ್ತಿದ್ದೂ ಬಾಬಾಸಾಹೇಬರ ಮಾತಿಗೆ ಮಾತ್ರ ಉಲ್ಲೇಖ ಬೇಡ ಅಂದ್ಕೊಂಡಿದ್ದೆ. ಆಮೇಲೆ ನೆನಪಾಯ್ತು, ಆ ಮನುಷ್ಯನ ಮೊದಲ ದೊಡ್ಡ ಬರಹವೇ ಕಾಲೇಜಿನ ಒಂದು ಪ್ರಬಂಧ. ಉಲ್ಲೇಖ ಇಟ್ಟು ಬರೆದಿದ್ದು, ಕ್ಲಾಸಿನಲ್ಲಿ ಓದಿದ್ದು.

ಅದರ ಕತೆ ಹೇಳ್ತೀನಿ.

1913ರ ಜುಲೈನಲ್ಲಿ ಭೀಮರಾವ್ ನ್ಯೂಯಾರ್ಕ್‌ಗೆ ಬಂದಿಳಿದರು. ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ, ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷಕ್ಕೆ. ಕೊಲಂಬಿಯಾದಲ್ಲಿ ಅವರು ತಗೊಂಡ ಕೋರ್ಸುಗಳ ಲೆಕ್ಕ ನೋಡಿ: ಅರ್ಥಶಾಸ್ತ್ರ 29, ಇತಿಹಾಸ 11, ಸಮಾಜಶಾಸ್ತ್ರ 6, ತತ್ವಶಾಸ್ತ್ರ 5, ಮಾನವಶಾಸ್ತ್ರ 4, ರಾಜ್ಯಶಾಸ್ತ್ರ 3. ಜೊತೆಗೆ ಫ್ರೆಂಚ್ ಒಂದು, ಜರ್ಮನ್ ಒಂದು. ಶಾಲೆಯಲ್ಲಿ ಸಂಸ್ಕೃತ ಕಲಿಯೋಕೆ ಬಿಡದೆ ಪರ್ಷಿಯನ್ ತಗೋ ಅಂತ ತಳ್ಳಿದ್ದ ಹುಡುಗ ಇವರು. ಬಾಗಿಲು ತೆರೆದ ಕಡೆ ಎಷ್ಟು ಸಿಗುತ್ತೋ ಅಷ್ಟೂ ಬಾಚ್ಕೊಂಡಿದ್ದಾರೆ.

ಆ ನಾಲ್ಕು ಮಾನವಶಾಸ್ತ್ರದ ಕೋರ್ಸುಗಳ ಕಡೆಯವರು ಅಲೆಕ್ಸಾಂಡರ್ ಗೋಲ್ಡನ್‌ವೈಸರ್. ಕೀವ್‌ನಲ್ಲಿ ಹುಟ್ಟಿದವರು, ಫ್ರಾನ್ಜ್ ಬೋವಾಸ್ ಶಿಷ್ಯ. ಬೋವಾಸ್ ಅಂದ್ರೆ ಆ ಕಾಲದಲ್ಲಿ ಜನಾಂಗದ ಮೇಲು-ಕೀಳಿನ ಸಿದ್ಧಾಂತವನ್ನು ನೇರವಾಗಿ ಎದುರಿಸಿ ನಿಂತವರು. ಗೋಲ್ಡನ್‌ವೈಸರ್ ನಡೆಸ್ತಿದ್ದ ಸೆಮಿನಾರಿನಲ್ಲಿ 1916ರ ಮೇ 9ರಂದು ಭೀಮರಾವ್ ಒಂದು ಪ್ರಬಂಧ ಓದಿದರು. 'ಕಾಸ್ಟ್ಸ್ ಇನ್ ಇಂಡಿಯಾ: ದೇರ್ ಮೆಕ್ಯಾನಿಸಂ, ಜೆನೆಸಿಸ್ ಅಂಡ್ ಡೆವಲಪ್‌ಮೆಂಟ್'. ಭಾರತದಲ್ಲಿ ಜಾತಿಗಳು ಹೇಗೆ ನಡೀತವೆ, ಹೇಗೆ ಹುಟ್ಟಿದವು, ಹೇಗೆ ಹಬ್ಬಿದವು ಅನ್ನೋದು ವಿಷಯ. ಆಗ ಅವರಿಗೆ 25 ವರ್ಷ ತುಂಬಿ ಒಂದು ತಿಂಗಳೂ ಆಗಿರಲಿಲ್ಲ. ಇಂಗ್ಲಿಷ್ ಕ್ಲಾಸ್ ಅಲ್ಲ ನಿಜ, ಆದ್ರೆ ನಮ್ಮ ಹುಡುಗಿಗೆ ಕೊಟ್ಟಿರೋ ಕೆಲಸವೇ ಅದು. ಪರಭಾಷೆ, ಪರದೇಶದ ಮೇಷ್ಟ್ರು, ಸಹಪಾಠಿಗಳ ಮುಂದೆ ಓದಬೇಕು, ಆಧಾರ ಕೊಡಬೇಕು.

ಈಗ ಅವರು ಏನು ಮಾಡಿದರು ನೋಡಿ. ಇದು ನನಗೆ ಬಹಳ ಇಷ್ಟವಾದ ಭಾಗ, ಅದಕ್ಕೇ ಸ್ವಲ್ಪ ನಿಂತು ಹೇಳ್ತೀನಿ.

ಜಾತಿ ಅಂದ್ರೇನು ಅಂತ ಅದುವರೆಗೆ ವ್ಯಾಖ್ಯಾನ ಬರೆದಿದ್ದ ನಾಲ್ವರನ್ನು ಸಾಲಾಗಿ ಕೂರಿಸ್ತಾರೆ. ಫ್ರಾನ್ಸಿನ ಸೆನಾರ್, ಇಂಗ್ಲಿಷ್ ಅಧಿಕಾರಿ ನೆಸ್‌ಫೀಲ್ಡ್, 1901ರ ಜನಗಣತಿ ಮಾಡಿಸಿದ ರಿಸ್ಲೆ, ಆಮೇಲೆ ನಮ್ಮ ದೇಶದವರೇ ಆದ ಕೇತ್ಕರ್. ಈ ಕೇತ್ಕರ್ ಕೂಡ ಅಮೆರಿಕದಲ್ಲೇ ಓದಿದವರು, ಕಾರ್ನೆಲ್‌ನಲ್ಲಿ. ಅವರ ಪುಸ್ತಕ 1909ರಲ್ಲಿ ಬಂದಿತ್ತು. ರಿಸ್ಲೆ ಅಂದ್ರೆ ಮೂಗು ಅಳೆದು ಜಾತಿ ಲೆಕ್ಕ ಹಾಕಿದ ಮಹಾನುಭಾವ. ನಮ್ಮಂಥವರ ಮೂಗಿನ ಅಳತೆ ಅವನ ಪಟ್ಟಿಯಲ್ಲಿ ಎಲ್ಲಿ ಬರ್ತಿತ್ತು ಅಂತ ನಾನು ಹೇಳಬೇಕಾಗಿಲ್ಲ.

ಭೀಮರಾವ್ ಯಾರಿಗೂ ಬೈಯಲ್ಲ. ಒಬ್ಬೊಬ್ಬರ ಮಾತನ್ನೂ ಅವರದೇ ಪದಗಳಲ್ಲಿ ಮೇಜಿನ ಮೇಲಿಡ್ತಾರೆ. ಸೆನಾರ್ ಹೇಳಿದ ಮೈಲಿಗೆ ಜಾತಿಯ ಮೂಲ ಲಕ್ಷಣ ಅಲ್ಲ, ಅದು ಪೌರೋಹಿತ್ಯದ ಜೊತೆ ಬಂದಿದ್ದು, ಪುರೋಹಿತರ ಜಾತಿ ಮೇಲೆ ಕೂತಿರೋದ್ರಿಂದ ಎಲ್ಲಕ್ಕೂ ಅಂಟಿಕೊಂಡಿದೆ ಅಂತಾರೆ. ನೆಸ್‌ಫೀಲ್ಡ್ ಜೊತೆಯಲ್ಲಿ ಉಣ್ಣದೇ ಇರೋದನ್ನ ದೊಡ್ಡದು ಮಾಡಿದ್ದ. ಅದು ಜಾತಿಯ ಪರಿಣಾಮ, ಕಾರಣ ಅಲ್ಲ ಅಂತಾರೆ. ರಿಸ್ಲೆಯಲ್ಲಿ ಹೊಸದೇನೂ ಇಲ್ಲ ಅಂತ ಒಂದೇ ಮಾತಲ್ಲಿ ದಾಟಿಬಿಡ್ತಾರೆ. ಅಬ್ಬಾ, ಆ ಜಾಗ ಓದಿದಾಗೆಲ್ಲ ನನಗೆ ಖುಷಿ. ಕೇತ್ಕರ್‌ಗೆ ಮಾತ್ರ ಮರ್ಯಾದೆ ಕೊಟ್ಟು, ಹತ್ತಿರ ಹೋಗಿ ವಾದ ಮಾಡ್ತಾರೆ. ಕೇತ್ಕರ್ ಎರಡು ಲಕ್ಷಣ ಹೇಳಿದ್ದರು. ಆ ಜಾತಿಯಲ್ಲಿ ಹುಟ್ಟಿದವರಿಗೆ ಮಾತ್ರ ಅದರಲ್ಲಿ ಜಾಗ, ಆಚೆಗೆ ಮದುವೆ ಆಗೋ ಹಾಗಿಲ್ಲ. ಇವು ಎರಡಲ್ಲ, ಒಂದೇ ಸಂಗತಿಯ ಎರಡು ಮುಖ ಅಂತ ತೋರಿಸ್ತಾರೆ. ಹೊರಗೆ ಮದುವೆ ನಿಲ್ಲಿಸಿದ ಮೇಲೆ ಒಳಗೆ ಬೇರೆಯವರು ಹುಟ್ಟೋದಾದ್ರೂ ಹೇಗೆ?

ಹಾಗಾಗಿ ಜಾತಿಯ ಕೀಲಿಕೈ ಒಂದೇ, ಒಳಗೊಳಗೇ ಮದುವೆ.

ಅಲ್ಲಿಂದ ಮುಂದೆ ಲೆಕ್ಕಶಾಸ್ತ್ರದ ಥರ ಹೋಗುತ್ತೆ. ಒಂದು ಗುಂಪು ಬಾಗಿಲು ಹಾಕ್ಕೊಂಡ್ರೆ ಒಳಗಿರೋ ಗಂಡು-ಹೆಣ್ಣಿನ ಸಂಖ್ಯೆ ಸಮ ಇರಬೇಕು. ಗಂಡ ಸತ್ತರೆ ಒಬ್ಬ ಹೆಣ್ಣು ಹೆಚ್ಚುವರಿ. ಹೆಂಡತಿ ಸತ್ತರೆ ಒಬ್ಬ ಗಂಡು ಹೆಚ್ಚುವರಿ. (ನಮ್ಮ ಇಲಾಖೆಯಲ್ಲೂ 'ಹೆಚ್ಚುವರಿ ಸಿಬ್ಬಂದಿ' ಅಂತಾರೆ, ಆದ್ರೆ ನಮ್ಮನ್ನ ಬೇರೆ ತಾಲ್ಲೂಕಿಗೆ ಹಾಕ್ತಾರೆ ಅಷ್ಟೆ.) ಹೆಚ್ಚುವರಿ ಹೆಣ್ಣು ಆಚೆ ಮದುವೆಯಾದ್ರೆ ಗೋಡೆ ಒಡೆಯುತ್ತೆ, ಒಳಗೆ ಆದ್ರೆ ಬೇರೆ ಹುಡುಗಿಯ ಪಾಲಿನ ಗಂಡು ಹೋಗ್ತಾನೆ. ಆದ್ದರಿಂದ ಅವಳನ್ನ ಗಂಡನ ಚಿತೆಯಲ್ಲೇ ಸುಡು, ಇಲ್ಲಾ ತಲೆ ಬೋಳಿಸಿ ಮೂಲೆಗೆ ಕೂರಿಸು. ಹೆಚ್ಚುವರಿ ಗಂಡಸನ್ನ ಸುಡೋಕಾಗಲ್ಲ, ಅವನು ಗಂಡಸು. ಸನ್ಯಾಸ ಕೊಟ್ಟರೆ ನಿಲ್ಲಲ್ಲ. ಅವನಿಗೆ ಇನ್ನೂ ಮದುವೆ ವಯಸ್ಸಿಗೆ ಬಾರದ ಮಗುವನ್ನು ತಂದು ಕಟ್ಟು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ. ಧರ್ಮ, ಪಾತಿವ್ರತ್ಯ ಅಂತ ಹೊಗಳಿಸ್ಕೊಳ್ತಿದ್ದ ಮೂರೂ ಪದ್ಧತಿಗಳು ಜಾತಿಯ ಗೋಡೆ ಕಾಯೋ ಮೂರು ಬೀಗ ಅಂತ ಆ ಕ್ಲಾಸಿನಲ್ಲಿ ತೋರಿಸಿದರು. ಸತಿಯನ್ನು ಹೊಗಳಿ ಆನಂದ ಕುಮಾರಸ್ವಾಮಿ 1913ರಲ್ಲಿ ಬರೆದಿದ್ದ ಲೇಖನವನ್ನೂ ಬಿಟ್ಟಿಲ್ಲ, ಅದಕ್ಕೂ ಉಲ್ಲೇಖ ಕೊಟ್ಟಿದ್ದಾರೆ.

ಹಾಗಾದ್ರೆ ಒಬ್ಬರು ಹಾಕ್ಕೊಂಡ ಬಾಗಿಲು ಊರಿಗೆಲ್ಲ ಹೇಗೆ ಹಬ್ಬಿತು? ಮನು ಒಬ್ಬ ಕೂತು ಮಾಡಿದ ಕಾನೂನಲ್ಲ ಅಂತಾರೆ. ಇದ್ದದ್ದನ್ನ ಮನು ಬರೆದಿಟ್ಟ. ಹಬ್ಬಿದ್ದು ಅನುಕರಣೆಯಿಂದ. ಇದಕ್ಕೆ ಫ್ರಾನ್ಸಿನ ಗೇಬ್ರಿಯಲ್ ಟಾರ್ಡ್‌ನನ್ನು ಕರೀತಾರೆ. ಅನುಕರಣೆ ಮೇಲಿಂದ ಕೆಳಕ್ಕೆ ಇಳಿಯುತ್ತೆ, ದೂರ ಹೋದಷ್ಟೂ ಸವೆಯುತ್ತೆ. ಪುರಾವೆ ಏನು? ಬ್ರಾಹ್ಮಣರಿಗೆ ತೀರಾ ಹತ್ತಿರದ ಜಾತಿಗಳಲ್ಲಿ ಮೂರೂ ಪದ್ಧತಿ ಇವೆ. ಸ್ವಲ್ಪ ದೂರದವರಲ್ಲಿ ವೈಧವ್ಯ ಮತ್ತು ಬಾಲ್ಯವಿವಾಹ. ಇನ್ನೂ ದೂರದವರಲ್ಲಿ ಬಾಲ್ಯವಿವಾಹ ಮಾತ್ರ. ಕಟ್ಟಕಡೆಯವರಲ್ಲಿ ಜಾತಿ ಮೇಲಿನ ನಂಬಿಕೆ ಒಂದೇ ಉಳಿದಿದೆ. ಕೆಲವರು ತಾವಾಗಿ ಬಾಗಿಲು ಹಾಕ್ಕೊಂಡ್ರು, ಉಳಿದವರು ನೋಡಿದಾಗ ಎದುರಿಗಿನ ಬಾಗಿಲು ಆಗಲೇ ಮುಚ್ಚಿತ್ತು.

ಆ ಕಟ್ಟಕಡೆಯವರು ಯಾರು ಗೊತ್ತಲ್ಲ. ಆ ಸಾಲನ್ನ ನೆನಪಲ್ಲಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಇನ್ನೊಂದು ವಿಷಯ. ಇಡೀ ಪ್ರಬಂಧದಲ್ಲಿ ಅವರ ಸ್ವಂತ ಕತೆ ಇಲ್ಲ. ಮಸೂರು ಸ್ಟೇಷನ್ನಿನಲ್ಲಿ ಇಳಿದು, ಎತ್ತಿನಗಾಡಿಯಲ್ಲಿ ಗೋರೆಗಾಂವ್‌ಗೆ ಹೋಗೋವಾಗ ರಾತ್ರಿಯೆಲ್ಲ ನೀರಿಲ್ಲದೆ ಬಾಯಾರಿದ ಆ ಹುಡುಗ, 1901ರದ್ದು, ಅದು ಇಲ್ಲಿ ಬರಲ್ಲ. ಅದನ್ನ ಅವರು ಬರೆದಿದ್ದು ಎಷ್ಟೋ ವರ್ಷ ಆದಮೇಲೆ. ಕ್ಲಾಸಿನಲ್ಲಿ ಆ ಕತೆ ಹೇಳಿದ್ದರೆ ಎಲ್ಲರೂ ಅಯ್ಯೋ ಪಾಪ ಅಂತಿದ್ದರು. ಅವರು ಕೇಳಿದ್ದು ಅಯ್ಯೋ ಪಾಪ ಅಲ್ಲ. ನನ್ನ ವಾದ ತಪ್ಪು ಅಂತ ತೋರಿಸಿದರೆ ಬಿಟ್ಟುಕೊಡೋಕೆ ತಯಾರಿದ್ದೀನಿ ಅನ್ನೋ ಅರ್ಥದ ಮಾತಿಂದಲೇ ಪ್ರಬಂಧ ಮುಗಿಸ್ತಾರೆ. ಈ ಕಾಲದಲ್ಲಿ ಹಾಗೆ ಹೇಳೋ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ? ನನಗಂತೂ ಇಲ್ಲ, ಕಮೆಂಟಲ್ಲಿ ಯಾರಾದ್ರೂ ತಿದ್ದಿದ್ರೆ ಬ್ಲಾಕ್ ಮಾಡಿದೀನಿ.

ಮರುವರ್ಷ, 1917ರ ಮೇ ತಿಂಗಳ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅದು ಅಚ್ಚಾಯಿತು. ಅದೇ ಪತ್ರಿಕೆ ಕಣ್ರಿ, ಫ್ಲೀಟ್ ಸಾಹೇಬ ನಮ್ಮ ಹಳಗನ್ನಡ ಶಾಸನಗಳನ್ನು ಒಂದೊಂದಾಗಿ ಅಚ್ಚು ಹಾಕಿಸಿದ್ದು. ರಾಜರ ದಾನಶಾಸನ ಬರ್ತಿದ್ದ ಜಾಗದಲ್ಲಿ ಒಬ್ಬ ಮಹಾರ್ ವಿದ್ಯಾರ್ಥಿಯ ಕ್ಲಾಸ್ ಪೇಪರ್ ಬಂತು.

ಆ ವರ್ಷವೇ ಅವರು ಲಂಡನ್‌ನಿಂದ ಊರಿಗೆ ವಾಪಸು ಬಂದರು. ಪುಸ್ತಕದ ಪೆಟ್ಟಿಗೆಗಳನ್ನು ಬೇರೆ ಹಡಗಿನಲ್ಲಿ ಕಳಿಸಿದ್ದರು, ಮಹಾಯುದ್ಧದ ಕಾಲ, ಆ ಹಡಗಿಗೆ ಟಾರ್ಪೆಡೊ ಬಿದ್ದು ಮುಳುಗಿತು. ಬರೋಡಾದಲ್ಲಿ ಕೆಲಸಕ್ಕೆ ಸೇರಿದರೆ ಕಚೇರಿಯ ಜವಾನರು ದೂರದಿಂದಲೇ ಕಡತ ಎಸೀತಿದ್ದರು. ಕುಡಿಯೋಕೆ ನೀರಿಲ್ಲ. ಪ್ರಬಂಧ ಅಚ್ಚಾಗಿ ಇನ್ನೂ ಐದಾರು ತಿಂಗಳೂ ಆಗಿಲ್ಲ. ನಾನು ಕಡತದ ಮಧ್ಯೆ ಬದುಕೋನು, ಆ ಎಸೆದ ಕಡತದ ಸದ್ದು ನನಗೆ ಕೇಳಿಸುತ್ತೆ.

ಆ ಪ್ರಬಂಧವನ್ನು ಅವರು ಮರೀಲಿಲ್ಲ. 'ಜಾತಿ ವಿನಾಶ'ದ ಮೂರನೇ ಮುದ್ರಣಕ್ಕೆ 1944ರಲ್ಲಿ ಬರೆದ ಮುನ್ನುಡಿಯಲ್ಲಿ, ಆ ಹಳೇ ಪ್ರಬಂಧವನ್ನೂ ಇದರೊಳಗೆ ಸೇರಿಸಿ ತಿದ್ದಿ ಬರೀಬೇಕು ಅಂತಿದ್ದೆ, ಸಮಯ ಸಿಗಲಿಲ್ಲ ಅಂತ ಹೇಳ್ಕೊಂಡಿದ್ದಾರೆ. 28 ವರ್ಷ ಆದಮೇಲೂ ಕ್ಲಾಸ್ ಪೇಪರ್ ತಲೆಯಲ್ಲಿತ್ತು. 1979ರಲ್ಲಿ ಮಹಾರಾಷ್ಟ್ರ ಸರ್ಕಾರ ವಸಂತ ಮೂನ್ ಸಂಪಾದಕತ್ವದಲ್ಲಿ ಮೊದಲ ಸಂಪುಟ ತಂದಾಗ ಅದರ ಮೊದಲ ಬರಹ ಇದೇ. ಕನ್ನಡದಲ್ಲೂ ಸಂಪುಟಗಳು ಬಂದಿವೆ. ಮನೆಯಲ್ಲಿ ಶೋಕೇಸಲ್ಲಿ ಇಟ್ಟಿರೋರು ದಯವಿಟ್ಟು ಇಳಿಸಿ ಓದಿ, ಈ ಬರಹ ಇಪ್ಪತ್ತು ಪುಟ ದಾಟಲ್ಲ.

ಇಂಗ್ಲಿಷ್ ಕ್ಲಾಸ್ ಅಂದ್ರೆ ನನಗೆ ಬೇರೆ ನೆನಪಿದೆ. ನಾನು ಬಿ.ಎ. ಓದುವಾಗ ಹಾಸ್ಟೆಲಿನ ಲೈಬ್ರರಿಯಿಂದ ಪುಸ್ತಕ ತಂದು, ಡಿಕ್ಷನರಿ ಇಟ್ಕೊಂಡು ವಾರಗಟ್ಟಲೆ ಕೂತು ಒಂದು ಪ್ರಬಂಧ ಬರೆದೆ. ಮೇಷ್ಟ್ರು ಎರಡು ಪ್ಯಾರಾ ಓದಿ, ಎಲ್ಲರ ಮುಂದೆ "ಎಲ್ಲಿಂದ ಕದ್ದೆ?" ಅಂದ್ರು. ಕ್ಲಾಸು ನಕ್ಕಿತು. ನಾನು ಯಾವ ಪುಸ್ತಕದಿಂದ ಏನು ತಗೊಂಡೆ ಅಂತ ಬರೆದಿಟ್ಟಿರಲಿಲ್ಲ, ಹಾಗೆ ಬರೀಬೇಕು ಅಂತ ಯಾರೂ ಹೇಳಿಕೊಟ್ಟಿರಲೂ ಇಲ್ಲ. ಬಾಯಿ ಬರಲಿಲ್ಲ. ಆಮೇಲೆ ಇಂಗ್ಲಿಷ್‌ನಲ್ಲಿ ಒಂದು ಪುಟ ಬರೀಲಿಲ್ಲ, ರಜೆ ಅರ್ಜಿ ಬಿಟ್ಟರೆ.

1973ರ ನವೆಂಬರ್‌ನಲ್ಲಿ ಮೈಸೂರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ, ಇಂಗ್ಲಿಷ್ ಕಲೀರಿ ಅಂದಿದ್ದಕ್ಕೆ ಏನೇನಾಯ್ತು ನಿಮಗೆಲ್ಲ ಗೊತ್ತಿದೆ. ಹಾಸ್ಟೆಲ್ ಹುಡುಗರಿಗೆ ಹೊಡೆದರು, ಮಂತ್ರಿಗಿರಿ ಹೋಯ್ತು, ಆ ಗಲಾಟೆಯ ಬೂದಿಯಲ್ಲೇ ದಲಿತ ಸಂಘರ್ಷ ಸಮಿತಿ ಕಣ್ಬಿಟ್ಟಿತು. ನಾವು ಬೂಸಾ ಅನ್ನೋ ಪದ ಹಿಡ್ಕೊಂಡ್ವಿ, ಇಂಗ್ಲಿಷ್ ಅನ್ನೋ ಅರ್ಧ ಬಿಟ್ವಿ ಅಂತ ನನಗೆ ಅನ್ಸುತ್ತೆ. ಇಂಗ್ಲಿಷ್ ಅಂದ್ರೆ ಸ್ಪೋಕನ್ ಇಂಗ್ಲಿಷ್ ಕೋರ್ಸ್ ಅಲ್ಲ. ರಿಸ್ಲೆಯನ್ನ ರಿಸ್ಲೆಯ ಭಾಷೆಯಲ್ಲೇ ಓದಿ, ಪುಟ ಹಾಕಿ, ವಾಪಸು ಕಳಿಸೋದು. ಇದು ನನ್ನ ಅಭಿಪ್ರಾಯ, ಜಗಳ ಆಡೋರು ಆಡಬಹುದು, ಈ ಸಲ ಬ್ಲಾಕ್ ಮಾಡಲ್ಲ.

ಈಗ ನಮ್ಮ ಹುಡುಗಿ ವಿಷಯಕ್ಕೆ ಬರ್ತೀನಿ. ಈ ಕತೆಯನ್ನೆಲ್ಲ ಅವಳಿಗೆ ಹೇಳಿದೆ, ಪ್ರಬಂಧ ಕೈಗೆ ಕೊಟ್ಟೆ. ಎರಡು ದಿನ ಓದಿದಳು. ಡಿಕ್ಷನರಿ ಫೋನಲ್ಲೇ ಇದೆ ಅವಳಿಗೆ. ಆಮೇಲೆ ಅವಳೇ ವಿಷಯ ಹುಡುಕ್ಕೊಂಡಳು. ಒಳಗೊಳಗೇ ಮದುವೆ ಜಾತಿಯ ಕೀಲಿಕೈ ಅಂತ 1916ರಲ್ಲಿ ಹೇಳಿದ್ದು ಇವತ್ತಿಗೂ ನಿಜವಾ ಅಂತ ವಧು-ವರರ ಜಾಹೀರಾತುಗಳಲ್ಲಿ ನೋಡೋದು. ಎಂಟು ಭಾನುವಾರದ ಪೇಪರ್ ಕತ್ತರಿಸಿ, ಪ್ರತಿಯೊಂದರ ಹಿಂದೆ ತಾರೀಖು, ಪುಟ ಬರೆದು ಜೋಡಿಸಿದ್ದಾಳೆ. 'ಜಾತಿ ಅಡ್ಡಿಯಿಲ್ಲ' ಅಂತ ಹಾಕಿ ಪಕ್ಕದಲ್ಲೇ 'ಎಸ್ಸಿ, ಎಸ್ಟಿ ಹೊರತುಪಡಿಸಿ' ಅಂತ ಹಾಕಿರೋರನ್ನ ಬೇರೆ ಕವರಿಗೆ ಹಾಕಿದ್ದಳು. ನನಗೆ ಬಹಳ ಖುಷಿಯಾಯ್ತು. ಹೊಡಿ, ಚೆನ್ನಾಗಿ ಹೊಡಿ ಅಂದೆ.

ಹೋದ ಗುರುವಾರ ಇನ್ನೊಂದು ಕವರ್ ತಗೊಂಡು ಬಂದಳು. ಅದರಲ್ಲಿ ನಮ್ಮವರದೇ ವಾಟ್ಸಾಪ್ ಗುಂಪುಗಳ ವಧು-ವರ ಪೋಸ್ಟುಗಳ ಪ್ರಿಂಟ್. ಬಲಗೈಯವರು ಮಾತ್ರ ಸಂಪರ್ಕಿಸಿ. ಎಡಗೈ ಪೈಕಿ ಹುಡುಗಿ ಬೇಕು. ವಿಧವೆ, ವಿಚ್ಛೇದಿತರು ಬೇಡ. ಹೆಸರಿನ ಮೇಲೆಲ್ಲ ಕಪ್ಪು ಶಾಯಿ ಬಳಿದಿದ್ದಳು, ಖಾಸಗಿಯವರ ಹೆಸರು ಹಾಕಬಾರದು ಅಂತ ಮೇಷ್ಟ್ರು ಹೇಳಿದ್ದಾರಂತೆ. ಒಂದು ಹಾಳೆ ಮಾತ್ರ ಕೊನೆಗೆ ಕೊಟ್ಟಳು. ಅದರಲ್ಲೂ ಹೆಸರಿಗೆ ಕಪ್ಪು ಬಳಿದಿತ್ತು. ಆದ್ರೆ ಮೂಲೆಯಲ್ಲಿ ನೀಲಿ ಬಣ್ಣದ ಜೈ ಭೀಮ್, ಕೆಳಗೆ 'ನಮ್ಮ ಪೈಕಿಯೇ ಆಗಬೇಕು, ದಯವಿಟ್ಟು ಇತರರು ಬೇಡ'. ಮೂರು ವರ್ಷದ ಹಿಂದೆ ನನ್ನ ತಮ್ಮನಿಗೆ ಹೆಣ್ಣು ಹುಡುಕ್ತಾ ನಾನೇ ಹಾಕಿದ್ದು. ಅಮ್ಮ ಹೇಳಿದ್ರು ಅಂತ ಹಾಕಿದೆ. ಅಮ್ಮ ಹೇಳಿದ್ರು ಅನ್ನೋದು ನಿಜ, ಆದ್ರೆ ಟೈಪ್ ಮಾಡಿದ್ದು ನಾನು. ಅದೇ ವಾರ ನಾನು ಅಂತರ್ಜಾತಿ ವಿವಾಹದ ಬಗ್ಗೆ ಒಂದು ವಿಚಾರ ಸಂಕಿರಣದಲ್ಲಿ ಮಾತಾಡಿದ್ದೆ ಬೇರೆ.

ಕಟ್ಟಕಡೆಯವರಲ್ಲಿ ಜಾತಿ ಮೇಲಿನ ನಂಬಿಕೆ ಒಂದೇ ಉಳಿದಿದೆ ಅಂತ ಆ 25ರ ಹುಡುಗ ಬರೆದ ಜಾಗದ ಪಕ್ಕ ಅವಳು ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದಾಳೆ.

"ಇದನ್ನ ಆಧಾರಗಳ ಪಟ್ಟಿಗೆ ಸೇರಿಸ್ಲಾ, ಬೇಡ್ವಾ ಮಾವ?" ಅಂತ ಕೇಳಿದಳು. ತಕ್ಷಣ ಉತ್ತರ ಕೊಡಲಿಲ್ಲ ನಾನು. ಟೀ ಮಾಡೋಕೆ ಹೇಳಿ ಒಳಗೆ ಕಳಿಸಿದೆ. ಗುಂಪು ಯಾವುದು ಅಂತ ಗೊತ್ತಾದ್ರೆ ನಮ್ಮವರು ಏನಂತಾರೆ, ನಮ್ಮನ್ನ ನಾವೇ ಬಯಲು ಮಾಡ್ಕೊಂಡು ಮೇಲ್ಜಾತಿಯವರಿಗೆ ನಗೋಕೆ ಕೊಟ್ಟ ಹಾಗಾಗುತ್ತಲ್ಲ, ಎಡ-ಬಲದ ಜಗಳ ಮೊದಲೇ ಕಾವೇರಿದೆಯಲ್ಲ ಅಂತೆಲ್ಲ ತಲೆಯಲ್ಲಿ ಓಡ್ತು. ಟೀ ಬಂತು. ಸೇರಿಸು ಅಂದೆ. ತಾರೀಖು ತಪ್ಪಾಗಿ ಬರೆದಿದ್ದಳು, ಪೋಸ್ಟ್ ಹುಡುಕಿ ಸರಿಯಾದ ತಾರೀಖು ನಾನೇ ಕೊಟ್ಟೆ.

ಮುಂದಿನ ತಿಂಗಳ ಮೊದಲ ವಾರ ಕ್ಲಾಸಿನಲ್ಲಿ ಓದಬೇಕು ಅವಳು. ಅವಳಿಗೆ 1970, 80ರ ದಶಕದ ಕನ್ನಡ ಪತ್ರಿಕೆಗಳ ವಧು-ವರ ಜಾಹೀರಾತುಗಳೂ ಬೇಕಂತೆ, ಹೋಲಿಸಿ ನೋಡೋಕೆ. ಯಾರ ಮನೆ ಅಟ್ಟದಲ್ಲಾದ್ರೂ ಹಳೇ ಪೇಪರ್ ಕಟ್ಟು ಇದ್ದರೆ ಇನ್‌ಬಾಕ್ಸ್‌ನಲ್ಲಿ ತಿಳಿಸಿ, ನಾನೇ ಬಂದು ಫೋಟೋ ತಗೋತೀನಿ. ಪೇಪರಿನ ಹೆಸರು, ತಾರೀಖು, ಪುಟ ಸಂಖ್ಯೆ ಇರೋ ತುದಿ ಮಾತ್ರ ಹರಿದಿರಬಾರದು.